ಕರುಳು ಚುರುಕ್ ಅನ್ನೋದು

ಕುಮಟಾ ತಾಲ್ಲೂಕಿನ ನಮ್ಮ ಹೊಳನಗದ್ದೆ ಕಡೆ ಸಾವಿನ ಮನೆಗೆ ಹೋದವರು ಹೆಚ್ಚು ಮಾತಾಡೋದಿಲ್ಲ. ಜಗಲಿ ಮೇಲೆ ಸುಮ್ಮನೆ ಕೂತಿರ್ತಾರೆ. ಇಂಜಿನಿಯರಿಂಗ್ ಓದೋ ನಮಗೆ ಇದು ಕಷ್ಟ. ಯಾರಾದ್ರೂ ಅತ್ತರೆ ತಕ್ಷಣ ಸೊಲ್ಯೂಷನ್ ಕೊಡ್ಬೇಕು: ರೀವ್ಯಾಲ್ಯುಯೇಷನ್ ಹಾಕು, ಚಿಲ್ ಮಾಡು.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನೋಡಿ. ಸತ್ತ ಲಾಜರನನ್ನು ಎಬ್ಬಿಸ್ತೀನಿ ಅಂತ ಯೇಸುವಿಗೆ ಮೊದಲೇ ಗೊತ್ತು. ಆದ್ರೂ ಮರಿಯಳು ಅಳೋದನ್ನ ಕಂಡು ತಾನೂ ಅತ್ತ. ಸೊಲ್ಯೂಷನ್ ಕೈಯಲ್ಲೇ ಇತ್ತು, ಆದ್ರೆ ಕಣ್ಣೀರು ಮೊದಲು ಬಂತು. ಸುವಾರ್ತೆಗಳ ಮೂಲ ಗ್ರೀಕ್‌ನಲ್ಲಿ ಯೇಸುವಿನ ಕನಿಕರಕ್ಕೆ ಬಳಸೋ ಕ್ರಿಯಾಪದ ಹುಟ್ಟಿದ್ದು ‘ಕರುಳು’ ಅನ್ನೋ ಅರ್ಥದ ಪದದಿಂದ. ನಮ್ಮ ಅಜ್ಜಿಯಂದಿರ ‘ಕರುಳು ಚುರುಕ್ ಅಂತು’ಗೆ ಇದಕ್ಕಿಂತ ಹತ್ತಿರದ ನೆಂಟ ಸಿಗಲಿಕ್ಕಿಲ್ಲ. (ಇದೆಲ್ಲ ನಮಗ್ಯಾಕೆ ಅನ್ನೋರಿಗೆ: ‘ಗೊಲ್ಗೊಥಾ’ ಬರೆದ ಮಂಜೇಶ್ವರದ ಗೋವಿಂದ ಪೈಗಳೂ ಕ್ರೈಸ್ತರಲ್ಲ.)

ಹಾಗಂತ ಯೇಸು ಸದಾ ಮೃದುವೂ ಅಲ್ಲ. ಮಾರ್ಕನ 3ನೇ ಅಧ್ಯಾಯದಲ್ಲಿ, ಸಬ್ಬತ್ ದಿನ ಒಳ್ಳೇದು ಮಾಡಬಹುದಾ ಅಂತ ಕೇಳಿದ್ರೆ ಎದುರಿದ್ದವರು ತುಟಿ ಬಿಚ್ಚಲಿಲ್ಲ. ಪಕ್ಕದಲ್ಲೇ ಕೈ ಬತ್ತಿದ ಮನುಷ್ಯ. ಯೇಸುವಿಗೆ ಸಿಟ್ಟು ಬಂತು, ಅದೇ ವಾಕ್ಯದಲ್ಲಿ ಅವರ ಕಲ್ಲುಮನಸ್ಸಿಗೆ ದುಃಖವೂ ಆಯ್ತು. ಕಾಲೇಜಲ್ಲಿ ಸಿಟ್ಟು ಬರೋದು ಮೆಸ್ ಕ್ಯೂನಲ್ಲಿ ಯಾರಾದ್ರೂ ನುಗ್ಗಿದಾಗ. ಹಳ್ಳಿಯಿಂದ ಬಂದ ಜೂನಿಯರ್‌ನ ಇಂಗ್ಲಿಷ್ ಕೇಳಿ ಇಡೀ ಕ್ಲಾಸು ನಕ್ಕಾಗ ಎಲ್ಲರೂ ಕೂಲ್. ಆ ಕೂಲ್ ಅನ್ನೋದನ್ನ ಒಳ್ಳೇತನ ಅಂತ ಕರೆಯೋಕೆ ನಮ್ಮ ತಕರಾರಿದೆ.

ಅಂದಹಾಗೆ, ಸಿಟ್ಟಾದ ಯೇಸು ಯಾರಿಗೂ ಬೈಯಲಿಲ್ಲ. ಆ ಮನುಷ್ಯನ ಕಡೆ ತಿರುಗಿ ಕೈ ಚಾಚು ಅಂದ. ಚಾಚಿದ, ಕೈ ಸರಿಹೋಯ್ತು.