ಓಟದ ಹುಡುಗಿಗೆ ಬೇಸಿಗೆಯ ಆಟ



ಸಿಂದಗಿಯ ತಾಯಿಯೊಬ್ಬರ ಪತ್ರ ಎದುರಿಗಿದೆ. ಒಂಬತ್ತನೇ ಇಯತ್ತೆಯ ಮಗಳು ತಾಲೂಕು ಕ್ರೀಡಾಕೂಟದ ನೂರು ಮೀಟರ್ ಓಟದಲ್ಲಿ ಎರಡನೆಯವಳಾಗಿ ಬಂದಳಂತೆ. ಈಗ ಓಟದ ಕಾಲ ಮುಗಿದಿದೆ. "ಪೀಟಿ ಮಾಸ್ತರು ಖೋಖೋ ಆಡಸ್ರಿ ಅಂತಾರ. ಅಕೀ ಕಾಕಾ ಸೈಕಲ್ ತುಳೀಲಿ ಅಂತಾನ. ನಮ್ಮ ಅತ್ತಿ, ಹುಡುಗಿ ದೊಡ್ಡಾಕಿ ಆಗ್ಯಾಳ, ಇನ್ನ ಆಟ ಸಾಕು ಅಂತಾರ. ಏನ್ ಮಾಡ್ಲಿ ಅಕ್ಕಾರ?"

ಈ ಪ್ರಶ್ನೆ ಅವರೊಬ್ಬರದಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಎಷ್ಟೋ ಮನೆಗಳಲ್ಲಿ ಇದೇ ಮಾತು ನಡೆದೀತು.

ಮೊದಲು ಒಂದು ವಿಷಯ ತಿಳಿದುಕೊಳ್ಳೋಣ. ನೂರು ಮೀಟರಿನ ಓಟ ಕೆಲವೇ ಸೆಕೆಂಡುಗಳ ಆಟ. ದಿನಾ ಮೂರ್ನಾಲ್ಕು ಕಿಲೋಮೀಟರ್ ನಿಧಾನವಾಗಿ ಓಡಿದರೆ ದಮ್ಮು ಬೆಳೆದೀತು, ಅಷ್ಟರಿಂದಲೇ ವೇಗ ಬೆಳೆಯದು. ಕುಳಿತಲ್ಲಿಂದ ಚಿಮ್ಮಬೇಕು, ನೆಲವನ್ನು ಗಟ್ಟಿಯಾಗಿ ಒದೆಯಬೇಕು, ಆಮೇಲೆ ಪೂರ್ತಿ ಸುಧಾರಿಸಿಕೊಳ್ಳಬೇಕು. ಬಿಡುವಿನ ಕಾಲದ ಆಟ ಇದನ್ನು ಕಲಿಸುವಂಥದಾಗಿರಬೇಕು.

ಆ ಲೆಕ್ಕದಲ್ಲಿ ಮಾಸ್ತರರ ಮಾತೇ ಸರಿ. ಖೋಖೋ ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ಎಂಟು ಜನ ಸಾಲಾಗಿ ಕುಳಿತಿರುತ್ತಾರೆ. ಬೆನ್ನಿಗೆ 'ಖೋ' ಬಿದ್ದ ಕೂಡಲೇ ಎದ್ದು ನುಗ್ಗಬೇಕು. ಓಟದ ಗೆರೆಯಲ್ಲಿ ಬಗ್ಗಿ ಕುಳಿತು, ಗುಂಡಿನ ಸದ್ದಿಗೆ ಏಳುವುದೂ ಹೀಗೇ ಅಲ್ಲವೆ? ಹತ್ತಿಪ್ಪತ್ತು ಹೆಜ್ಜೆ ಜೋರು ಓಟ, ಮತ್ತೆ ಕುಳಿತು ದಮ್ಮು ಹಿಡಿಯಲು ಬಿಡುವು. ಖರ್ಚೂ ಇಲ್ಲ, ಎರಡು ಕಂಬ ಸಾಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಆಟವೆಂದು ಹಗುರಾಗಿ ನೋಡಬೇಡಿ.

ಒಂದು ಕೊರತೆಯಿದೆ. ಖೋಖೋದಲ್ಲಿ ನೆಟ್ಟಗೆ ದೂರ ಓಡುವುದಿಲ್ಲ. ಆದ್ದರಿಂದ ವಾರಕ್ಕೊಂದು ದಿನ 30 ಮೀಟರ್ ಪೂರಾ ಜೋರಿನಿಂದ ಐದಾರು ಸಲ ಓಡಲಿ. ಎರಡು ಓಟಗಳ ನಡುವೆ ಮೂರು ನಿಮಿಷ ನಿಲ್ಲಲಿ.

ಹಾಗಾದರೆ ಸೈಕಲ್ ಬೇಡವೆ? ವಿಜಯಪುರ ಜಿಲ್ಲೆ ಸೈಕಲ್ ಸವಾರರಿಗೆ ಹೆಸರಾದದ್ದು. ಕಾಕಾನ ಮಾತನ್ನು ತಳ್ಳಿಹಾಕುವುದು ಹೇಗೆ! ತೊಡೆಗೆ ಬಲ ಬರುತ್ತದೆ, ಮೊಣಕಾಲಿಗೆ ಪೆಟ್ಟಿಲ್ಲ. ಆದರೆ ಪಾದ ನೆಲಕ್ಕೆ ಬಡಿಯುವುದೇ ಇಲ್ಲ. ಅದಕ್ಕೇ ಸೈಕಲ್ ಜೊತೆಗಿರಲಿ, ಅದೊಂದೇ ಬೇಡ. ವಾರದಲ್ಲಿ ಮೂರು ದಿನ ಖೋಖೋ, ಒಂದು ದಿನ ಓಟ, ಒಂದು ದಿನ ಸೈಕಲ್, ಉಳಿದೆರಡು ದಿನ ವಿಶ್ರಾಂತಿ.

ಬಿಸಿಲೇರುವ ಮುಂಚೆ ಆಡಿಸಿ. ನಮ್ಮ ಎರೆ ನೆಲ ಬೇಸಿಗೆಗೆ ಬಿರಿಯುತ್ತದೆ, ಬಿರುಕಿನಲ್ಲಿ ಕಾಲು ಸಿಕ್ಕರೆ ಹರಡು ಉಳುಕೀತು. ಅಂಗಳವನ್ನು ಮೊದಲೇ ನೋಡಿಕೊಳ್ಳಲಿ. ಮೊಣಕಾಲು ಬಾತರೆ ಆಟ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಇನ್ನು ನಮ್ಮ ಅಡಿಗೆಮನೆಯ ಪಾಲು. ಮುಟ್ಟಾಗುವ ವಯಸ್ಸಿನ ಹುಡುಗಿಯರಲ್ಲಿ ರಕ್ತ ಕಡಿಮೆಯಾಗುವುದುಂಟು. ಬೇಗ ದಣಿದರೆ 'ಸೋಮಾರಿ' ಅನ್ನಬೇಡಿ; ಸರಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ, ಕಾಳಿನ ಪಲ್ಯ, ಸೊಪ್ಪು ಇರಲಿ. ಮೊಳಕೆಕಾಳಿನ ಮೇಲೆ ಇಂಡಿಯ ನಿಂಬೆಹಣ್ಣನ್ನು ಹಿಂಡಿ ಕೊಡಿ. ನಿಂಬೆಯಿಂದ ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಹಿಂದೆಯೇ ಚಹಾ ಕುಡಿದರೆ ಆ ಲಾಭ ಕಳೆದುಹೋಗುತ್ತದೆ.

ಕಡೆಗೆ ಅತ್ತೆಯವರ ಮಾತು. ಅವರಿಗೆ ಎದುರಾಡಬೇಡಿ. ಅವರ ಅಂಜಿಕೆ ಕತ್ತಲಾಗುವುದರದು, ಊರವರ ಬಾಯಿಯದು. ಆಟ ಬೆಳಿಗ್ಗೆಗೆ ಇರಲಿ, ಜೊತೆಗೆ ಇಬ್ಬರು ಗೆಳತಿಯರಿರಲಿ. ಒಂದು ದಿನ ಅತ್ತೆಯವರನ್ನೇ ಕರೆದುಕೊಂಡು ಹೋಗಿ ಅಂಗಳದ ಬದಿಗೆ ಕೂಡ್ರಿಸಿ. ಅಸ್ಸಾಮಿನ ಹಿಮಾ ದಾಸ್ ಊರಿನ ಹುಡುಗರೊಡನೆ ಫುಟ್‌ಬಾಲ್ ಆಡುತ್ತ ಬೆಳೆದವರು. 2018ರಲ್ಲಿ ಕಿರಿಯರ ವಿಶ್ವ ಕೂಟದಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದರು. ಇದನ್ನೂ ಅತ್ತೆಯವರಿಗೆ ಹೇಳಿ.

ಎಲ್ಲ ಹುಡುಗಿಯರೂ ಪದಕ ತರಲಾರರು, ನಿಜ. ಆದರೆ ಬಿಡುವಿನ ಕಾಲದಲ್ಲಿ ಬಿಟ್ಟ ಆಟಕ್ಕೆ ಹುಡುಗಿಯರು ಮತ್ತೆ ಮರಳುವುದು ಕಷ್ಟ. ಈ ನಾಲ್ಕು ತಿಂಗಳು ಅವಳ ಕಾಲು ನಿಲ್ಲದಂತೆ ನೋಡಿಕೊಳ್ಳಿ ತಾಯಿ, ಮುಂದಿನ ಓಟ ಅವಳೇ ಓಡುತ್ತಾಳೆ.