ಅಂದು ಜಾರ್ಜ್, ಈಗ ನಿತೀಶ್: ನಾಯಕರ ನೆನಪು ಸರಿ ಉಂಟಾ ಅಂತ ನೋಡುವವರು ಯಾರು?

2025ರ ಮಾರ್ಚ್ 20. ಪಟ್ನಾದಲ್ಲಿ ಸೆಪಕ್ ಟಕ್ರಾ ವಿಶ್ವಕಪ್ ಉದ್ಘಾಟನೆ. ರಾಷ್ಟ್ರಗೀತೆ ನಡೆಯುತ್ತಿದೆ. ಎಲ್ಲರೂ ನೆಟ್ಟಗೆ ನಿಂತಿದ್ದಾರೆ. ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಮಾತ್ರ ಪಕ್ಕದಲ್ಲಿದ್ದ ಅಧಿಕಾರಿಯನ್ನು ಮುಟ್ಟಿ ಮಾತಾಡಿಸುತ್ತಾರೆ, ನಗುತ್ತಾರೆ, ಎದುರಿದ್ದವರಿಗೆ ಕೈಮುಗಿಯುತ್ತಾರೆ. ಸಂಜೆಯೊಳಗೆ ಆ ವಿಡಿಯೋ ದೇಶದ ಎಲ್ಲಾ ಮೊಬೈಲ್‌ಗಳಲ್ಲೂ ಇತ್ತು. ಮರುದಿನ ಬಿಹಾರ ವಿಧಾನಸಭೆಯಲ್ಲಿ ಗದ್ದಲ. ಮುಖ್ಯಮಂತ್ರಿ ಮಾನಸಿಕವಾಗಿ ಸರಿ ಇಲ್ಲ, ರಾಜೀನಾಮೆ ಕೊಡಲಿ ಅಂತ ಆರ್‌ಜೆಡಿ ಪಟ್ಟು ಹಿಡಿಯಿತು. ಆಗ ನಿತೀಶ್‌ಗೆ 74 ವರ್ಷ.

ಬಿಹಾರದ ಜಗಳಕ್ಕೂ ಮಂಗಳೂರಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಉಂಟು. ಇದೇ ಪ್ರಶ್ನೆಯನ್ನು 2009ರಲ್ಲಿ ಎದುರಿಸಿದವರು ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವತ್ತು ಪ್ರಶ್ನೆ ಎತ್ತಿದ್ದು ನಿತೀಶ್ ಅವರ ಪಕ್ಷವೇ.

1994ರಲ್ಲಿ ಸಮತಾ ಪಾರ್ಟಿ ಕಟ್ಟಿದ್ದು ಜಾರ್ಜ್ ಮತ್ತು ನಿತೀಶ್ ಜೊತೆಯಾಗಿ. ಮುಂದೆ ಅದು ಜೆಡಿಯು ಜೊತೆ ಸೇರಿತು. 2004ರಲ್ಲಿ ಜಾರ್ಜ್ ಮುಜಫ್ಫರಪುರದಿಂದ ಗೆದ್ದು ಲೋಕಸಭೆಗೆ ಹೋದರು. 1977ರಲ್ಲಿ ಜೈಲಲ್ಲೇ ಕೂತು ಗೆದ್ದ ಕ್ಷೇತ್ರ ಅದು. 2009ರ ಚುನಾವಣೆ ಬಂದಾಗ ಜೆಡಿಯು ಅವರಿಗೆ ಟಿಕೆಟ್ ಕೊಡಲಿಲ್ಲ. ಕೊಟ್ಟ ಕಾರಣ ಆರೋಗ್ಯ. ಜಾರ್ಜ್ ಒಪ್ಪಲಿಲ್ಲ, ಪಕ್ಷೇತರರಾಗಿ ನಿಂತರು, ಸೋತರು.

ಇಲ್ಲಿಗೆ ಮುಗಿದಿದ್ದರೆ ವಯಸ್ಸಾದ ನಾಯಕರನ್ನು ಪಕ್ಷ ಮನೆಗೆ ಕಳಿಸಿತು ಅಂತ ಸುಮ್ಮನಾಗಬಹುದಿತ್ತು. ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ, 2009ರ ಜುಲೈ ಕೊನೆಗೆ, ಶರದ್ ಯಾದವ್ ಬಿಟ್ಟುಕೊಟ್ಟ ರಾಜ್ಯಸಭೆ ಸೀಟಿಗೆ ಜಾರ್ಜ್ ನಾಮಪತ್ರ ಹಾಕಿದರು. ಜೆಡಿಯು ಎದುರಾಳಿಯನ್ನೇ ಹಾಕಲಿಲ್ಲ. ಅವಿರೋಧ ಆಯ್ಕೆ. ಆಗಸ್ಟ್ 4ಕ್ಕೆ ಪ್ರಮಾಣವಚನ. ಅಂದರೆ ಲೋಕಸಭೆಗೆ ಆಗದಷ್ಟು ಹುಷಾರಿಲ್ಲದ ಮನುಷ್ಯ ರಾಜ್ಯಸಭೆಗೆ ಆಗುತ್ತಾರೆ! ಎರಡೂ ಕಡೆ ಕಾನೂನು ಮಾಡುವುದೇ ಕೆಲಸ ಅಲ್ವಾ?

ಆಮೇಲಿನದ್ದು ಬೇಸರದ ಕತೆ. ಅವರಿಗೆ ಆಲ್‌ಝೈಮರ್ಸ್ ಇರುವುದು ಊರಿಗೆಲ್ಲ ಗೊತ್ತಾಯಿತು. 2010ರಲ್ಲಿ ಅವರನ್ನು ಯಾರು ನೋಡಿಕೊಳ್ಳಬೇಕು, ಯಾರ ಮನೆಯಲ್ಲಿ ಇಡಬೇಕು ಅಂತ ಪತ್ನಿ ಮತ್ತು ತಮ್ಮಂದಿರ ನಡುವಿನ ಜಗಳ ದೆಹಲಿ ಹೈಕೋರ್ಟ್‌ವರೆಗೆ ಹೋಯಿತು. ಆ ಹೊತ್ತಿಗೂ ಅವರು ರಾಜ್ಯಸಭೆಯ ಸದಸ್ಯರೇ. 2010ರ ಜುಲೈಗೆ ಅವಧಿ ಮುಗಿಯಿತು. 2019ರ ಜನವರಿ 29ರಂದು ತೀರಿಹೋದರು. ರೈಲ್ವೆ ಮುಷ್ಕರ ಮಾಡಿಸಿ ದೇಶವನ್ನೇ ನಿಲ್ಲಿಸಿದವರು, ಕೊಂಕಣ ರೈಲು ತಂದವರು, ರಕ್ಷಣಾ ಸಚಿವರಾಗಿ ಸಿಯಾಚಿನ್‌ಗೆ ಹೋಗಿ ಬಂದವರು. ಅವರು ಕೆಲಸ ಮಾಡುವ ಸ್ಥಿತಿಯಲ್ಲಿದ್ದಾರಾ ಇಲ್ಲವಾ ಅನ್ನುವುದು ಮಾತ್ರ ಟಿಕೆಟ್ ಹಂಚುವವರ ಲೆಕ್ಕಾಚಾರದಲ್ಲೇ ತೀರ್ಮಾನ ಆಯಿತು.

ನಮ್ಮ ದೇಶದಲ್ಲಿ ಇದಕ್ಕೆ ಬೇರೆ ದಾರಿ ಇಲ್ಲವಾ? ಹೆಸರಿಗೆ ಒಂದು ಉಂಟು. ಸಂವಿಧಾನದ 102ನೇ ವಿಧಿ ಸಂಸದರಿಗೆ, 191ನೇ ವಿಧಿ ಶಾಸಕರಿಗೆ. ಬುದ್ಧಿಸ್ಥಿಮಿತ ಇಲ್ಲ ಅಂತ ಅಧಿಕಾರ ಇರುವ ಕೋರ್ಟ್ ಘೋಷಿಸಿದರೆ ಸದಸ್ಯತ್ವಕ್ಕೆ ಅನರ್ಹರು. ಕೋರ್ಟ್ ಹೇಳಬೇಕು, ಅದೂ ಪೂರ್ತಿ ಬುದ್ಧಿಸ್ಥಿಮಿತ ಇಲ್ಲ ಅಂತಲೇ ಹೇಳಬೇಕು. ನಿಧಾನಕ್ಕೆ ನೆನಪು ಸೋರಿಹೋಗುವ ಮನುಷ್ಯ ಈ ಬಾಗಿಲಿನ ಹತ್ತಿರಕ್ಕೂ ಬರುವುದಿಲ್ಲ. ಮನೆಯಲ್ಲಿ ಮರೆವಿನ ಕಾಯಿಲೆಯ ಅಜ್ಜ ಅಜ್ಜಿ ಇದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಬೆಳಿಗ್ಗೆ ಪೇಪರ್ ಓದಿ ರಾಜಕೀಯ ಮಾತಾಡಿದವರು ಮಧ್ಯಾಹ್ನ ಊಟ ಆಯ್ತಾ ಅಂತ ಮೂರು ಸಲ ಕೇಳುತ್ತಾರೆ. ಅವರು ಹುಚ್ಚರಲ್ಲ. ಆದರೆ ಅವರ ಕೈಗೆ ಚೆಕ್‌ಬುಕ್ ಕೊಡಲು ಮನೆಯವರೇ ಹಿಂದೆಮುಂದೆ ನೋಡುತ್ತಾರೆ.

ಇನ್ನೊಂದು ಕಡೆಯಿಂದ ನೋಡಿ. 40 ದಾಟಿದವರು ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಆರ್‌ಟಿಒಗೆ ಹೋದರೆ ಡಾಕ್ಟರ್ ಸಹಿ ಮಾಡಿದ 1ಎ ಫಾರಂ ಬೇಕು. ರಾಜ್ಯ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ 65. ಲೋಕಸಭೆಗೆ ನಿಲ್ಲುವವರಿಗೆ 25 ಆಗಿರಬೇಕು ಅಷ್ಟೇ, ಮೇಲಿನ ಮಿತಿ ಇಲ್ಲ. ನಾಮಪತ್ರದ ಜೊತೆಗಿನ ಅಫಿಡವಿಟ್‌ನಲ್ಲಿ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಓದು ಎಲ್ಲ ಬರೆಯಬೇಕು. ಆರೋಗ್ಯದ ಬಗ್ಗೆ ಒಂದು ಸಾಲೂ ಬೇಡ.

ಹಾಗಂತ ವಯಸ್ಸಿಗೆ ಮಿತಿ ಹಾಕಿದರೆ ಸರಿಹೋಗುತ್ತದೆ ಅನ್ನುವುದು ಸೋಮಾರಿ ಉತ್ತರ. ಎಚ್.ಡಿ. ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಹೋದಾಗ ಅವರಿಗೆ 87. ಆಮೇಲೂ ಸದನದಲ್ಲಿ ಹಳೇ ನೀರಾವರಿ ಲೆಕ್ಕ ಬಾಯಲ್ಲೇ ಹೇಳಿದವರು. ಬಿಜೆಪಿಯ 75 ವರ್ಷದ ಮಾತು ಕೂಡ ಬೇಕಾದಾಗ ಇರುತ್ತದೆ, ಬೇಡದಾಗ ಇರುವುದಿಲ್ಲ. ಯಡಿಯೂರಪ್ಪ 2019ರಲ್ಲಿ ಮುಖ್ಯಮಂತ್ರಿ ಆದಾಗಲೇ 76 ಆಗಿತ್ತು, 2021ರ ಜುಲೈನಲ್ಲಿ ಇಳಿಯುವಾಗ ವಯಸ್ಸಿನ ಮಾತು ಬಂತು. ಅರವತ್ತಕ್ಕೆ ಅರಳು ಮರುಳು ಅನ್ನುವ ಗಾದೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಕೂರುವುದಿಲ್ಲ.

ಅಮೆರಿಕದಲ್ಲಿ ದಾರಿ ಉಂಟು, ಬರಹದಲ್ಲಿ. 1967ರಲ್ಲಿ ಜಾರಿಯಾದ 25ನೇ ತಿದ್ದುಪಡಿ ಪ್ರಕಾರ ಉಪಾಧ್ಯಕ್ಷರು ಮತ್ತು ಸಂಪುಟದ ಬಹುಮತ ಸೇರಿ ಅಧ್ಯಕ್ಷರಿಗೆ ಕೆಲಸ ಮಾಡಲು ಆಗುತ್ತಿಲ್ಲ ಅಂತ ಬರೆದುಕೊಡಬಹುದು. ಅಧ್ಯಕ್ಷರ ಒಪ್ಪಿಗೆ ಇಲ್ಲದೆ ಇಳಿಸುವ ಈ ಭಾಗವನ್ನು ಇವತ್ತಿನವರೆಗೆ ಒಮ್ಮೆಯೂ ಬಳಸಿಲ್ಲ. ಸಂಪುಟದವರನ್ನು ನೇಮಿಸಿದ್ದೇ ಅಧ್ಯಕ್ಷರು ಅಲ್ವಾ, ಯಾರು ಸಹಿ ಹಾಕುತ್ತಾರೆ? ಜೋ ಬೈಡನ್ ವಿಷಯದಲ್ಲೂ ಆದದ್ದು ಇಷ್ಟೇ. 2024ರ ಫೆಬ್ರವರಿಯಲ್ಲಿ ಶ್ವೇತಭವನದ ವೈದ್ಯರು ಅವರು ಕೆಲಸಕ್ಕೆ ಫಿಟ್ ಅಂದರು. ನೆನಪಿನ ಪರೀಕ್ಷೆ ಮಾಡಿರಲಿಲ್ಲ, ಬೇಕಾಗಿಲ್ಲ ಅಂದರು. ಜೂನ್ 27ರ ಚರ್ಚೆಯಲ್ಲಿ 81ರ ಬೈಡನ್ ಟ್ರಂಪ್ ಎದುರು ಮಾತು ತಪ್ಪಿ ನಿಂತದ್ದನ್ನು ಕೋಟಿಗಟ್ಟಲೆ ಜನ ನೇರ ಪ್ರಸಾರದಲ್ಲಿ ನೋಡಿದರು. ಜುಲೈ 21ಕ್ಕೆ ಸ್ಪರ್ಧೆಯಿಂದ ಹಿಂದೆ ಸರಿದರು. ಸರಿಸಿದ್ದು ತಿದ್ದುಪಡಿ ಅಲ್ಲ, ವೈದ್ಯರೂ ಅಲ್ಲ. ಇವರನ್ನು ಇಟ್ಟುಕೊಂಡರೆ ಸೋಲುತ್ತೇವೆ ಅನ್ನುವ ಸ್ವಂತ ಪಕ್ಷದ ಭಯ. ಸ್ಪರ್ಧೆ ಬಿಟ್ಟರೂ 2025ರ ಜನವರಿವರೆಗೆ ಅಧ್ಯಕ್ಷರಾಗಿಯೇ ಇದ್ದರು. ಚುನಾವಣೆಗೆ ಆಗದವರು ಆಡಳಿತಕ್ಕೆ ಆಗುತ್ತಾರೆ. ಜಾರ್ಜ್ ಕತೆಯ ಇನ್ನೊಂದು ಪ್ರತಿ. ಗೆದ್ದ ಟ್ರಂಪ್‌ಗೆ ಪ್ರಮಾಣವಚನದ ದಿನ 78. ತನಗೆ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 30 ಬಂದಿದೆ ಅಂತ ಅವರು ಹೇಳಿಕೊಳ್ಳುತ್ತಾರೆ. ಗಡಿಯಾರ ಬಿಡಿಸುವುದು, ಪ್ರಾಣಿ ಗುರುತಿಸುವುದು, ಐದು ಪದ ನೆನಪಿಟ್ಟು ಹೇಳುವುದು ಇರುವ ಹತ್ತು ನಿಮಿಷದ ಪರೀಕ್ಷೆ ಅದು. ಕಾಯಿಲೆಯ ಸುಳಿವು ಹಿಡಿಯಲು ಮಾಡಿದ್ದು, ದೇಶ ಆಳುವ ಯೋಗ್ಯತೆ ಅಳೆಯಲು ಅಲ್ಲ.

ನಮ್ಮಲ್ಲಿ ಈ ಪ್ರಶ್ನೆ ಯಾರ ಕೈಯಲ್ಲಿ ಉಂಟು ಅಂತ ನೋಡಲು ಒಡಿಶಾ ಸಾಕು. 2024ರ ಮೇ ತಿಂಗಳಲ್ಲಿ ಒಂದು ವಿಡಿಯೋ ಬಂತು. ಭಾಷಣ ಮಾಡುತ್ತಿದ್ದ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಅವರ ನಡುಗುವ ಕೈಯನ್ನು ಪಕ್ಕದಲ್ಲಿದ್ದ ವಿ.ಕೆ. ಪಾಂಡಿಯನ್ ಮರೆಮಾಡುತ್ತಾರೆ. ಆಗ ನವೀನ್‌ಗೆ 77. ಬಿಜೆಪಿ ಗೆದ್ದರೆ ಅವರ ಆರೋಗ್ಯ ಕೆಟ್ಟ ಬಗ್ಗೆ ತನಿಖೆಗೆ ಸಮಿತಿ ಮಾಡುತ್ತೇವೆ ಅಂತ ಪ್ರಧಾನಿ ಮೋದಿ ಚುನಾವಣಾ ಸಭೆಯಲ್ಲೇ ಹೇಳಿದರು. ಅಷ್ಟು ಕಾಳಜಿ ಇದ್ದರೆ ಒಂದು ಫೋನ್ ಮಾಡಿ ಕೇಳಬಹುದಿತ್ತಲ್ಲ ಅನ್ನುವುದು ನವೀನ್ ಉತ್ತರ. ಕೈ ನಡುಗುವುದು ಬೇರೆ, ಬುದ್ಧಿ ಮಂಕಾಗುವುದು ಬೇರೆ. ಪ್ರಚಾರದಲ್ಲಿ ಎರಡೂ ಒಂದೇ ಆಯಿತು. 24 ವರ್ಷದ ಆಡಳಿತ ಹೋಯಿತು.

ಮರುವರ್ಷ ಬಿಹಾರದಲ್ಲಿ ಪಾತ್ರಗಳು ಅದಲುಬದಲು. ಒಡಿಶಾದಲ್ಲಿ ಪ್ರಶ್ನೆ ಕೇಳಿದ ಬಿಜೆಪಿ ಇಲ್ಲಿ ನಿತೀಶ್ ಬೆನ್ನಿಗೆ ನಿಂತಿತು. ಪ್ರಶ್ನೆ ಕೇಳಿದ್ದು ತೇಜಸ್ವಿ ಯಾದವ್. ಅವರೇ 2024ರ ಜನವರಿವರೆಗೆ ಇದೇ ನಿತೀಶ್ ಕೈಕೆಳಗೆ ಉಪಮುಖ್ಯಮಂತ್ರಿ. ಆವಾಗ ಕಾಣದ್ದು ಮೈತ್ರಿ ಮುರಿದ ಮೇಲೆ ಕಂಡಿತು. ನವೆಂಬರ್ ಚುನಾವಣೆಯಲ್ಲಿ ಎನ್‌ಡಿಎ 243ರಲ್ಲಿ 202 ಗೆದ್ದಿತು, ನವೆಂಬರ್ 20ಕ್ಕೆ ನಿತೀಶ್ ಹತ್ತನೇ ಸಲ ಪ್ರಮಾಣವಚನ ತೆಗೆದುಕೊಂಡರು. ಜನ ವಿಡಿಯೋ ನೋಡಿಯೂ ವೋಟು ಹಾಕಿದ್ದಾರೆ, ಅದು ತೀರ್ಪಲ್ಲವಾ ಅಂತ ಕೇಳುವವರು ಇದ್ದಾರೆ. ಗೆಲುವಿನ ತೀರ್ಪು ಹೌದು. ಆದರೆ ವೋಟರ್‌ಗೆ ವೈದ್ಯಕೀಯ ದಾಖಲೆ ಯಾರೂ ತೋರಿಸಿಲ್ಲ. ತಿಂಗಳೊಳಗೆ, ಡಿಸೆಂಬರ್‌ನಲ್ಲಿ, ನೇಮಕಾತಿ ಪತ್ರ ಕೊಡುವ ಸಮಾರಂಭದಲ್ಲಿ ಅವರು ಒಬ್ಬ ಮುಸ್ಲಿಂ ವೈದ್ಯೆಯ ಮುಖದ ಪರದೆ ಎಳೆದರು. ಅದು ಕಾಯಿಲೆಯಾ, ದರ್ಪವಾ ಅಂತ ಮತ್ತೆ ಟಿವಿ ಚರ್ಚೆ. ಕಾಯಿಲೆ ಅಂದರೆ ಆ ಹೆಣ್ಣುಮಗಳಿಗೆ ಆದ ಅವಮಾನಕ್ಕೆ ಹೊಣೆ ತಪ್ಪಿದ ಹಾಗೆ. ದರ್ಪ ಅಂದರೆ ಆರೋಗ್ಯದ ಪ್ರಶ್ನೆ ಮುಚ್ಚಿದ ಹಾಗೆ. ವಿಡಿಯೋ ತುಣುಕು ನೋಡಿ ಯಾವುದನ್ನೂ ಹೇಳಲು ಆಗುವುದಿಲ್ಲ. ತಾವೇ ಪರೀಕ್ಷೆ ಮಾಡದ ನಾಯಕರ ಮನಸ್ಸಿನ ಬಗ್ಗೆ ಹೊರಗೆ ಮಾತಾಡಬಾರದು ಅಂತ ಅಮೆರಿಕದ ಮನೋವೈದ್ಯರ ಸಂಘ 1973ರಿಂದಲೇ ನಿಯಮ ಇಟ್ಟುಕೊಂಡಿದೆ. ನಮ್ಮ ಟಿವಿ ಪ್ಯಾನೆಲ್‌ಗಳಿಗೆ ಅಂಥದ್ದೇನೂ ಇಲ್ಲ.

ಆರೋಗ್ಯ ಖಾಸಗಿ ವಿಷಯ ಅನ್ನುವ ಮಾತಲ್ಲಿ ಹುರುಳಿದೆ. ಶಾಸಕರ ಸಕ್ಕರೆ ಕಾಯಿಲೆ ಊರಿಗೆಲ್ಲ ಗೊತ್ತಾಗಬೇಕಾಗಿಲ್ಲ. ಮುಖ್ಯಮಂತ್ರಿ, ಪ್ರಧಾನಿಯಂಥ ಕೆಲವೇ ಹುದ್ದೆಗಳಿಗೆ ಯಾವ ಪಕ್ಷಕ್ಕೂ ಸೇರದ ವೈದ್ಯರ ತಂಡ ವರ್ಷಕ್ಕೊಮ್ಮೆ ನೋಡಿ, ಕೆಲಸಕ್ಕೆ ಆಗುತ್ತಾರೆ ಅಥವಾ ಆಗುವುದಿಲ್ಲ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಕು, ವಿವರ ಬೇಡ. ಆ ತಂಡವನ್ನು ನೇಮಿಸುವವರು ಯಾರು ಅನ್ನುವಲ್ಲಿ ಮತ್ತೆ ಜಗಳ ಶುರುವಾಗುತ್ತದೆ, ಗೊತ್ತಿರುವುದೇ. ಆದರೂ ಮುಂದಿನ ಸಲ ಯಾವುದೇ ಪಕ್ಷ ಅನಾರೋಗ್ಯದ ಕಾರಣಕ್ಕೆ ಟಿಕೆಟ್ ಕೊಟ್ಟಿಲ್ಲ ಅಂತ ಪತ್ರಿಕಾಗೋಷ್ಠಿ ಕರೆದರೆ, ನೋಡಿದ ಡಾಕ್ಟರ್ ಯಾರು, ಯಾವತ್ತು ನೋಡಿದರು ಅಂತ ಅಲ್ಲೇ ಕೇಳಬಹುದು. 2009ರಲ್ಲಿ ಜಾರ್ಜ್ ವಿಷಯದಲ್ಲೂ ಕೇಳಬೇಕಾಗಿದ್ದದ್ದು ಅದನ್ನೇ.