ಪಂಪು ಬಿಚ್ಚೋ ಮುಂಚೆ, ನೋಡೋ ಕೆಲಸಕ್ಕೆ ಕೂಲಿ ಕೊಡಿ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಈಗ ಊರಿಗೆ ನಾಲ್ಕಾರು ಹಳೇ ಡೀಸೆಲ್ ಕಾರುಗಳಿವೆ. ಶೋಕಿಗೆ ತಂದವಲ್ಲ. ಒಂದು ಜೋಡಿ ಒಳ್ಳೇ ಎತ್ತಿನ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಇಂಡಿಕಾ ಬರುತ್ತೆ. ಹಿಂದಿನ ಸೀಟು ಮಡಚಿದರೆ ಟೊಮ್ಯಾಟೊ ಕ್ರೇಟು ಸಂತೆಗೆ ಹೋಗುತ್ತೆ, ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ದುರ್ಗದ ಆಸ್ಪತ್ರೆಗೂ ಅದೇ ಗಾಡಿ. ಈ ಗಾಡಿಗಳಿಗೆ ಬರುವ ಒಂದು ಕಾಯಿಲೆ, ಅದರ ಹೆಸರಲ್ಲಿ ರೈತನ ಜೇಬಿಗೆ ಬೀಳುವ ಕತ್ತರಿ, ಇವೆರಡರ ಬಗ್ಗೆ ನನ್ನ ಅಭಿಪ್ರಾಯ ಬರೆಯುತ್ತಿದ್ದೇನೆ.

ಕಾಯಿಲೆ ಹೀಗಿರುತ್ತೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತೆ. ನಿಂತಲ್ಲಿ ಸದ್ದು ಸರಿ ಇರುತ್ತೆ. ಊರೊಳಗೆ ಓಡಾಡುವಾಗ ಏನೂ ಗೊತ್ತಾಗಲ್ಲ. ಹೈವೇ ಹತ್ತಿ ಇಂಜಿನ್ ಜೋರಾಗಿ ತಿರುಗಬೇಕು ಅನ್ನೋ ಹೊತ್ತಿಗೆ, ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಜಗ್ಗಿದ ಹಾಗೆ ನಿಂತುಬಿಡುತ್ತೆ. ಕಾಲು ಎಷ್ಟು ಒತ್ತಿದರೂ ಅಷ್ಟೇ. ಏರಿನಲ್ಲಂತೂ ಎತ್ತಿನ ಗಾಡಿಗೆ ದಾರಿ ಬಿಡಬೇಕು.

ಗ್ಯಾರೇಜಿಗೆ ಹೋದರೆ ಮೊದಲ ಮಾತೇ "ಪಂಪು ಹೋಗೈತೆ, ಬಿಚ್ಚಬೇಕು" ಅಂತ. ನಮ್ಮ ಪಕ್ಕದ ಹೊಲದವರಿಗೆ ಹಾಗೇ ಆಯಿತು. ಊರು, ಗ್ಯಾರೇಜಿನ ಹೆಸರು ಬೇಡ. ಪಂಪು ಬಿಚ್ಚಿ ಕ್ಯಾಲಿಬ್ರೇಷನ್‌ಗೆ ಕಳಿಸಿದರು, ನಾಲ್ಕೂ ನಾಜಲ್ ಹೊಸದು ಹಾಕಿದರು. ಹತ್ತೊಂಬತ್ತು ಸಾವಿರ ಬಿಲ್ಲು. ಮಳೆ ಕೈಕೊಟ್ಟ ವರ್ಷ ಒಂದೆರಡು ಎಕರೆ ಶೇಂಗಾದಲ್ಲಿ ಅಷ್ಟು ಉಳಿಯುವುದೂ ಅನುಮಾನ. ಗಾಡಿ ವಾಪಸು ಬಂತು, ಐಮಂಗಲದ ಹತ್ತಿರ ಮತ್ತೆ ಅದೇ ರಾಗ.

ಕೊನೆಗೆ ಕಂಡುಹಿಡಿದದ್ದು ನಮ್ಮೂರಲ್ಲಿ ಟ್ರಾಕ್ಟರು ರಿಪೇರಿ ಮಾಡುವ ಒಬ್ಬ ಮುದುಕ. ಆತ ಸ್ಪ್ಯಾನರ್ ಹಿಡಿಯುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದ. "ಹೊಗೆ ಏನು ಬಣ್ಣ? ನಿಲ್ಲಿಸಿ ಬೀಡಿ ಸೇದಿ ಹೊರಟರೆ ಸ್ವಲ್ಪ ದೂರ ಸರಿ ಓಡುತ್ತಾ?" ಆಮೇಲೆ ಐದು ಲೀಟರಿನ ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ ಮೇಲಿನ ಕ್ಯಾರಿಯರ್‌ಗೆ ಬಿಗಿಯಾಗಿ ಕಟ್ಟಿದ. ಸೈಲೆನ್ಸರಿನ ಬಿಸಿಗೆ ತಾಗದ ಹಾಗೆ ಪೈಪು ಇಳಿಸಿ ಫಿಲ್ಟರಿಗೆ ಕೊಟ್ಟ. ಅಂದರೆ ಗಾಡಿಯ ಟ್ಯಾಂಕು, ಲೈನು ಎರಡೂ ಲೆಕ್ಕದಿಂದ ಹೊರಗೆ. ಹೈವೇಗೆ ಹೋಗಿ ನೋಡಿದರೆ ಗಾಡಿ ಹೊಸದರ ಹಾಗೆ ಎಳೀತು! ಹಾಗಾದರೆ ಪಂಪೂ ಸರಿ, ನಾಜಲ್ಲೂ ಸರಿ, ದೋಷ ಫಿಲ್ಟರಿನ ಹಿಂದೆ ಅಂತ ಆಯಿತಲ್ಲ. ಹುಡುಕಿದಾಗ ಸಿಕ್ಕಿದ್ದು ಒಂದೂವರೆ ಅಡಿ ರಬ್ಬರ್ ಪೈಪು. ಹೊರಗೆ ನೋಡಲು ಚೆನ್ನಾಗಿದೆ, ಒಳಗಿನ ಪದರ ಕಿತ್ತು ನಾಲಿಗೆ ಹಾಗೆ ಜೋತು ಬಿದ್ದಿದೆ. ಮೆಲ್ಲಗೆ ಹೀರಿದರೆ ದಾರಿ ಬಿಡುತ್ತೆ, ಜೋರಾಗಿ ಹೀರಿದರೆ ಬಾಯಿ ಮುಚ್ಚುತ್ತೆ.

ಹತ್ತೊಂಬತ್ತು ಸಾವಿರ ಎಣಿಸಿ ಕೊಟ್ಟ ಆ ಮನೆಯವರು ಮುದುಕನಿಗೆ ಕೊಟ್ಟದ್ದು ಒಂದು ಲೋಟ ಚಾ, ನೂರು ರೂಪಾಯಿ. "ಪೈಪಿಗೆ ಎಷ್ಟಾಗುತ್ತೆ ಮಹಾ" ಅಂದರು. ನನ್ನ ತಕರಾರು ಇರುವುದು ಇಲ್ಲೇ.

ಕೊಳವೆಬಾವಿ ಗೊತ್ತಿದ್ದವರಿಗೆ ಇದೂ ಗೊತ್ತು

ಏಳನೇ ಕ್ಲಾಸು ಓದಿದ ನನಗೆ ಇಂಜಿನ್ ಅರ್ಥವಾದದ್ದು ಬೋರಿನಿಂದ. ನೀರು ಕಡಿಮೆ ಇರುವ ಬೋರಿನಲ್ಲಿ ಗೇಟ್‌ವಾಲ್ ಕಾಲು ಭಾಗ ತೆರೆದರೆ ದಿನವಿಡೀ ಓಡುತ್ತೆ. ಪೂರ್ತಿ ತೆರೆದರೆ ಹತ್ತು ನಿಮಿಷಕ್ಕೆ ಗಾಳಿ ಕಕ್ಕುತ್ತೆ. ಮೋಟಾರು ಕೆಟ್ಟಿಲ್ಲ, ಬರುವುದಕ್ಕಿಂತ ಹೆಚ್ಚು ಕೇಳುತ್ತಿದ್ದೀರಿ ಅಷ್ಟೇ. ಕಾರೂ ಹಾಗೇ. ಇಂಡಿಕಾ ಡೀಸೆಲ್ ಇಂಜಿನ್ 1405 ಸಿ.ಸಿ., ಸುಮಾರು 1.4 ಲೀಟರ್. ಎರಡು ಸುತ್ತಿಗೆ ಒಂದು ಸಲ ಅಷ್ಟು ಗಾಳಿ ಒಳಗೆ ಎಳೆಯಬೇಕು. ನಿಂತಲ್ಲಿ ನಿಮಿಷಕ್ಕೆ 800 ಸುತ್ತು ಅಂದರೆ 560 ಲೀಟರ್ ಗಾಳಿ, ಇನ್ನೂರು ಲೀಟರಿನ ಡ್ರಮ್ಮಿನ ಲೆಕ್ಕದಲ್ಲಿ ಮೂರು ಡ್ರಮ್ಮೂ ಇಲ್ಲ. 4000 ಸುತ್ತಿಗೆ 2800 ಲೀಟರ್, ಹದಿನಾಲ್ಕು ಡ್ರಮ್ಮು! ಇದು ಪುಸ್ತಕದ ಲೆಕ್ಕ, ನಿಜದಲ್ಲಿ ಸ್ವಲ್ಪ ಕಡಿಮೆ ಇರುತ್ತೆ. ಮೂರು ಡ್ರಮ್ಮು ಬಿಡುವ ಫಿಲ್ಟರು ಹದಿನಾಲ್ಕು ಬಿಡಬೇಕು ಅಂತೇನಿಲ್ಲ. ನಮ್ಮ ಮಣ್ಣು ರಸ್ತೆಯಲ್ಲಿ ಒಂದು ಬೇಸಿಗೆ ಓಡಿಸಿ ಫಿಲ್ಟರು ಬಿಚ್ಚಿ ನೋಡಿ, ಅರ್ಧ ಹೊಲ ಅದರೊಳಗೇ ಇರುತ್ತೆ.

ಆದ್ದರಿಂದ ಜೋರಾಗಿ ತಿರುಗುವಾಗ ಮಾತ್ರ ಶಕ್ತಿ ಕುಗ್ಗಿದರೆ ಮೂರು ದಾರಿ ನೋಡಬೇಕು: ಗಾಳಿ ಒಳಗೆ ಬರುವ ದಾರಿ, ಡೀಸೆಲ್ ಬರುವ ದಾರಿ, ಹೊಗೆ ಹೊರಗೆ ಹೋಗುವ ದಾರಿ. ಯಾವುದೋ ಒಂದು ಇಕ್ಕಟ್ಟಾಗಿರುತ್ತೆ. ಯಾವುದು ಅಂತ ಹೇಳುವುದು ಹೊಗೆ. ಶಕ್ತಿ ಇಲ್ಲ, ಕಪ್ಪು ಹೊಗೆ ಬುಸುಬುಸು ಬರುತ್ತೆ ಅಂದರೆ ಡೀಸೆಲ್ ಸಾಕಷ್ಟಿದೆ, ಗಾಳಿ ಸಾಲದು. ಏರ್ ಫಿಲ್ಟರ್ ನೋಡಿ. ಟರ್ಬೊ ಇರುವ ಗಾಡಿಯಾದರೆ ಗಾಳಿ ಪೈಪು ಸೀಳಿರಬಹುದು, ಅಲ್ಲಿ ಎಣ್ಣೆ ಜಿಡ್ಡು ಇರುತ್ತೆ, ಸುಯ್ ಅಂತ ಸದ್ದೂ ಬರುತ್ತೆ. ಸೈಲೆನ್ಸರ್ ಕಲ್ಲಿಗೆ ಬಡಿದು ಚಪ್ಪಟೆ ಆಗಿದ್ದರೂ ಇದೇ ಕಥೆ. ಶಕ್ತಿ ಇಲ್ಲ, ಹೊಗೆಯೂ ಇಲ್ಲ ಅಂದರೆ ಇಂಜಿನ್‌ಗೆ ಹಸಿವು. ಡೀಸೆಲ್ ಬರ್ತಾ ಇಲ್ಲ.

ಹಸಿವಿನ ಕಾಯಿಲೆಗೆ ಕಾಸು ಖರ್ಚಿಲ್ಲದ ಪರೀಕ್ಷೆಗಳಿವೆ. ಟ್ಯಾಂಕಿನ ಮುಚ್ಚಳ ಸಡಿಲ ಮಾಡಿ ಒಂದೆರಡು ಮೈಲಿ ಓಡಿಸಿ. ಸರಿಹೋದರೆ ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ ಅಂತ ಅರ್ಥ. ಫಿಲ್ಟರಿನ ಕೆಳಗಿನ ಸ್ಕ್ರೂ ತಿರುಗಿಸಿ ಗಾಜಿನ ಲೋಟಕ್ಕೆ ಹಿಡಿಯಿರಿ, ನೀರಿದ್ದರೆ ತಳಕ್ಕೆ ಕೂರುತ್ತೆ. ಪಂಪ್‌ಸೆಟ್ಟಿಗೆ ಅಂತ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟ ಡೀಸೆಲ್ ಸುರಿದವರು ಇದನ್ನು ಮೊದಲು ನೋಡಬೇಕು. ಫಿಲ್ಟರಿನ ಮುಂದೆ ಒಂದು ತುಂಡು ಪಾರದರ್ಶಕ ಪೈಪು ಹಾಕಿದರೆ ಗುಳ್ಳೆ ಕಾಣುತ್ತೆ. ಗುಳ್ಳೆ ಕಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ. ಮುದುಕ ಕೇಳಿದ ಬೀಡಿ ಪ್ರಶ್ನೆಗೂ ಅರ್ಥ ಇದೆ. ಟ್ಯಾಂಕಿನೊಳಗೆ ಹೀರುವ ಬಾಯಿಗೆ ಕಸ ಅಂಟಿದರೆ ಓಡುವಾಗ ಮುಚ್ಚಿಕೊಳ್ಳುತ್ತೆ, ಇಂಜಿನ್ ನಿಲ್ಲಿಸಿದರೆ ಕಸ ಉದುರಿ ಹತ್ತು ನಿಮಿಷದಲ್ಲಿ ಗಾಡಿ ತಾನೇ ಹುಷಾರಾಗುತ್ತೆ.

ಇನ್ನೂ ಮುಂಚೆ ನೋಡಬೇಕಾದದ್ದು ಒಂದಿದೆ. ಇಂಜಿನ್ನಿನದೇ ತಪ್ಪು ಅಂತ ಯಾರು ಹೇಳಿದರು? ಇಂಜಿನ್ ಸದ್ದು ಏರುತ್ತೆ, ಗಾಡಿ ಏರಲ್ಲ ಅಂದರೆ ಕ್ಲಚ್ ಜಾರ್ತಾ ಇದೆ. ಓಡಿಸಿ ಬಂದು ಚಕ್ರದ ಹತ್ತಿರ ಅಂಗೈ ಹಿಡಿದರೆ ಒಂದು ಮಾತ್ರ ಕುದಿಯುತ್ತಿದೆಯಾ, ಬ್ರೇಕು ಹಿಡಿದಿದೆ. ಒಬ್ಬರು ಪೆಡಲ್ ಪೂರ್ತಿ ಒತ್ತಲಿ, ಇನ್ನೊಬ್ಬರು ಬಾನೆಟ್ ಎತ್ತಿ ಪಂಪಿನ ಕೈ ಕೊನೆವರೆಗೆ ಹೋಗುತ್ತಾ ನೋಡಲಿ. ಕೇಬಲ್ ಸಡಿಲಾದರೆ, ಕಾಲಡಿಯ ಮ್ಯಾಟು ದಪ್ಪವಾದರೆ ಹೋಗಲ್ಲ. ನಗಬೇಡಿ, ಮ್ಯಾಟು ತೆಗೆದು ಸರಿಹೋದ ಗಾಡಿ ನಾನೇ ನೋಡಿದ್ದೇನೆ.

ಇಷ್ಟೆಲ್ಲ ಸರಿ ಇದ್ದ ಮೇಲೆ ಪಂಪು, ನಾಜಲ್, ಟೈಮಿಂಗು, ಕಂಪ್ರೆಷನ್. ಪಂಪು ಕೆಡುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಈ ತಿರುಗುವ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಜಿಡ್ಡು. ನೀರು ಸೇರಿದರೂ, ಸೀಮೆಎಣ್ಣೆ ಬೆರೆಸಿದರೂ ಅದು ಸವೆಯುತ್ತೆ. ಬೆಂಗಳೂರಿನ ಮೈಕೋ ಕಂಪನಿ 1951ರಲ್ಲಿ ಶುರುವಾಗಿ ಡೀಸೆಲ್ ಸಾಮಾನು ಮಾಡುತ್ತ ಬಂದದ್ದು, 2008ರಿಂದ ಬಾಷ್ ಅನ್ನೋ ಹೆಸರು. ಆ ಪಂಪಿನ ಒಳಗಿನ ಸಂದು ಕೂದಲಿಗಿಂತ ಎಷ್ಟೋ ಸಣ್ಣದು. ರಸ್ತೆ ಪಕ್ಕದ ಧೂಳಿನಲ್ಲಿ ಬಿಚ್ಚಿ ಜೋಡಿಸುವ ಸಾಮಾನಲ್ಲ ಅದು. ಸರಿ ಇದ್ದ ಪಂಪನ್ನು ಬಿಚ್ಚಿಸಿದರೆ ಇಲ್ಲದ ಕಾಯಿಲೆ ದುಡ್ಡು ಕೊಟ್ಟು ತಂದ ಹಾಗೆ.

(ಶೇಂಗಾ ಬೆಳೆಯುವವರಿಗೆ ಒಂದು ಮಾತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಇಂಜಿನ್ನನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಈಗಿನ ಕಾರಿಗೆ ಸುರಿಯಲು ಹೋಗಬೇಡಿ.)

ಕೂಲಿಯ ಮಾತು

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಅಂತ ಬೈಯುವುದು ಸುಲಭ. ನಾನು ಒಪ್ಪಲ್ಲ. ಯೋಚನೆ ಮಾಡಿ: ಅರ್ಧ ದಿನ ಕೂತು ಹುಡುಕಿ "ಮುಚ್ಚಳದ ತೂತು ಕಟ್ಟಿತ್ತು" ಅಂದವನಿಗೆ ನಾವು ಏನು ಕೊಡ್ತೀವಿ? ಅದೇ ಹೊಸ ಸಾಮಾನಿನ ಡಬ್ಬಿ ಕೈಗೆ ಕೊಟ್ಟರೆ ಚೌಕಾಸಿ ಮಾಡಿಯಾದರೂ ಸಾವಿರಗಟ್ಟಲೆ ಕೊಡ್ತೀವಿ. ಹೀಗಿದ್ದ ಮೇಲೆ ಅವನಾದರೂ ಹುಡುಕುವ ಕೆಲಸ ಯಾಕೆ ಮಾಡ್ತಾನೆ? ಗೊಬ್ಬರದಂಗಡಿಯಲ್ಲೂ ಇದೇ ನಡೆಯುವುದು. ಎಲೆ ಹಳದಿ ಅಂದರೆ ಅಂಗಡಿಯವನು ಬಾಟಲಿ ಇಳಿಸ್ತಾನೆ, ಹೊಲಕ್ಕೆ ಬಂದು ಬೇರು ಕಿತ್ತು ನೋಡುವವನಿಗೆ ಸಂಬಳವಿಲ್ಲ.

ನನ್ನ ಪದ್ಧತಿ ಹೇಳ್ತೀನಿ. ಗಾಡಿ ಬಿಡುವಾಗಲೇ ಹೇಳಿಬಿಡುವುದು: "ಹುಡುಕೋದಕ್ಕೆ ಒಂದು ದಿನದ ಕೂಲಿ ಬೇರೆ ಕೊಡ್ತೀನಿ, ಏನೂ ಹೊಸದು ಹಾಕದಿದ್ದರೂ ಕೊಡ್ತೀನಿ. ಆದರೆ ಪಂಪಿಗೆ ಕೈ ಹಾಕೋ ಮುಂಚೆ ಕ್ಯಾನಿನಿಂದ ಓಡಿಸಿ ನನಗೆ ತೋರಿಸು." ಈ ಮಾತಿಗೆ ಬೇಜಾರಾಗುವ ಮೆಕ್ಯಾನಿಕ್ ಕಡಿಮೆ. ಬೇಜಾರಾದರೆ ಗಾಡಿ ಬೇರೆ ಕಡೆ ತಿರುಗಿಸಿ. ತೆಗೆದ ಹಳೇ ಸಾಮಾನು ವಾಪಸು ಕೇಳಿ ಇಸ್ಕೊಳ್ಳಿ.

ಹೊಸ ಕಾಮನ್ ರೈಲ್ ಗಾಡಿಗಳ ಮಾತು ಬೇರೆ. ಅಲ್ಲಿ ಶಕ್ತಿ ಕುಗ್ಗಿದರೆ ಮುಂದಿನ ಬೋರ್ಡಿನಲ್ಲಿ ದೀಪ ಹತ್ತಬಹುದು. ಗಾಡಿ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗಿರುತ್ತೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಬಂದ ಮೇಲಿನ ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರು ಸೈಲೆನ್ಸರಿನ ದಾರಿಯಲ್ಲಿರುತ್ತೆ, ಬರೀ ಊರೊಳಗೆ ಓಡಿಸಿದರೆ ಅದೂ ಕಟ್ಟುತ್ತೆ. ಸ್ಕ್ಯಾನರ್ ಹಾಕಿಸಿ, ಅದರಲ್ಲಿ ಬಂದದ್ದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಕ್ಯಾನು ಕಟ್ಟುವ ಆಟ ಇವುಗಳಿಗೆ ಬೇಡ. ಇಂಜಿನ್ ಓಡುವಾಗ ನಾಜಲ್ ಪೈಪು ಸಡಿಲಿಸುವ ಹಳೇ ಚಾಳಿಯಂತೂ ಬೇಡವೇ ಬೇಡ. ಕಾರಿನ ಟೈರಿನಲ್ಲಿ ಎರಡು ಬಾರ್ ಒತ್ತಡ ಇದ್ದರೆ ಆ ಪೈಪಿನಲ್ಲಿ ಸಾವಿರಕ್ಕೂ ಮೇಲೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ, ಬೆರಳೇ ಹೋಗಬಹುದು.

ಹಳೇ ಗಾಡಿ ಇರುವವರು ಡಿಕ್ಕಿಯಲ್ಲಿ ಒಂದು ಡೀಸೆಲ್ ಫಿಲ್ಟರು, ಎರಡಡಿ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು ಇಟ್ಟುಕೊಳ್ಳಿ. ಪೈಪು ಕೊಳ್ಳುವಾಗ ನೀರಿನ ಪೈಪು ಕೊಟ್ಟಾರು, ಡೀಸೆಲ್‌ಗೆ ತಡೆಯುವಂಥದ್ದೇ ಬೇಕು ಅಂತ ಕೇಳಿ ತನ್ನಿ.